ಸುರ್ತಿ ಪಾಪ್ಡಿ ಲಿಲ್ವಾ ಅಂದ್ರೆ ನಮ್ಮ ಅವರೆಕಾಳು

ನ್ಯೂಜೆರ್ಸಿಗೆ ಹೋಗಿ ಮೊದಲನೇ ಡಿಸೆಂಬರ್ ಅದು, 2009. ಅಮ್ಮ ಫೋನಲ್ಲಿ "ಗಾಂಧಿ ಬಜಾರಲ್ಲಿ ಅವರೆಕಾಯಿ ರಾಶಿ ರಾಶಿ ಬಿದ್ದಿದೆ ಕಣೇ, ಏನ್ ಸೊಗಡು ಅಂತೀಯಾ, ಕೈಯೆಲ್ಲಾ ಅದೇ ವಾಸನೆ" ಅಂದ್ಲು. ಅಷ್ಟೇ ಹೇಳಿದ್ದು. ಆಮೇಲೆ ಮಾತು ಬೇರೆ ಕಡೆ ಹೋಯ್ತು, ಗ್ಯಾಸ್ ಸಿಲಿಂಡರ್, ಪಕ್ಕದ ಮನೆ ಮದುವೆ, ಏನೇನೋ. ನಾನು ಮಾತ್ರ ಅಲ್ಲೇ ನಿಂತ್ಬಿಟ್ಟಿದ್ದೆ. ಫೋನ್ ಇಟ್ಟ ಮೇಲೆ ಕೈ ಮೂಸಿ ನೋಡ್ಕೊಂಡೆ, ನಿಜವಾಗ್ಲೂ. ಡಿಶ್ ಸೋಪಿನ ವಾಸನೆ ಬಿಟ್ರೆ ಏನೂ ಇರ್ಲಿಲ್ಲ.

ಆ ಶನಿವಾರ ಎಡಿಸನ್ನಿನ ಓಕ್ ಟ್ರೀ ರೋಡಿಗೆ ಹೋದ್ವಿ. ಗೊತ್ತಿಲ್ದೇ ಇರೋರಿಗೆ ಹೇಳ್ಬೇಕು ಅಂದ್ರೆ, ಅದು ಎಡಿಸನ್ನಿಂದ ಐಸ್ಲಿನ್ ವರೆಗೂ ಸಾಲಾಗಿ ನಮ್ಮೋರ ಅಂಗಡಿಗಳೇ ಇರೋ ರಸ್ತೆ, ಸೀರೆ, ಚಿನ್ನ, ಸ್ವೀಟು, ದಿನಸಿ ಎಲ್ಲಾ ಸಿಗತ್ತೆ. ಸ್ವಲ್ಪ ಒಳಗಡೆ ಒಂದು ಚಿಕ್ಕ ದಿನಸಿ ಅಂಗಡಿ ಇತ್ತು, ವಯಸ್ಸಾದ ಗುಜರಾತಿ ಅಂಕಲ್ ಒಬ್ರು ನಡೆಸ್ತಿದ್ರು. ಅವರ ಹತ್ರ ಹೋಗಿ ನಂಗೆ ಗೊತ್ತಿದ್ದ ಇಂಗ್ಲಿಷಲ್ಲಿ ಕೇಳ್ದೆ, ಇಂಡಿಯನ್ ಬೀನ್ಸ್ ಇದ್ಯಾ ಅಂತ. ಅವರು ಯಾವ ಬೀನ್ಸ್ ಅಂದ್ರು. ಸಿಪ್ಪೆ ಸುಲಿಯೋದು ಅಂದೆ. ರಾಜ್ಮಾ? ಅಲ್ಲ. ಮಟರ್? ಅಲ್ಲ. ಹಸಿರಾಗಿರತ್ತೆ, ಚಪ್ಪಟೆ, ಚಳಿಗಾಲದಲ್ಲಿ ಮಾತ್ರ ಬರತ್ತೆ, ಮುಟ್ಟಿದ್ರೆ ಕೈಗೆ ಎಣ್ಣೆ ಎಣ್ಣೆ ಥರ ಅಂಟತ್ತೆ, ಒಂದು ವಾಸನೆ ಇರತ್ತೆ ಅಂತ ಕೈ ಆಡಿಸಿ ಆಡಿಸಿ ಹೇಳ್ದೆ. ವಾಸನೆ ಅಂದ ತಕ್ಷಣ ಅವರ ಮುಖ ಬದಲಾಯ್ತು. ಕೌಂಟರ್ ಬಿಟ್ಟು ಎದ್ದು ಬಂದು ಫ್ರೀಜರ್ ಬಾಗಿಲು ತೆಗೆದು ಒಂದು ಪ್ಯಾಕೆಟ್ ಕೈಗಿಟ್ರು. ಮೇಲೆ ಬರೆದಿತ್ತು, ಸುರ್ತಿ ಪಾಪ್ಡಿ ಲಿಲ್ವಾ.

ನೋಡಿದ್ರೆ ನಮ್ಮ ಅವರೆಕಾಳು! ಐಸಿನ ಚೂರು ಹತ್ಕೊಂಡಿತ್ತು, ಬಣ್ಣ ಸ್ವಲ್ಪ ಕಂದಿತ್ತು, ಆದ್ರೆ ಅದೇ. ಸೂರತ್ ಕಡೆ ಚಳಿಗಾಲದಲ್ಲಿ ಈ ಪಾಪ್ಡಿ ಬಂದಾಗ ಉಂಧಿಯು ಅಂತ ತರಕಾರಿ ಅಡುಗೆ ಮಾಡ್ತಾರಂತೆ, ಉತ್ತರಾಯಣದ ದಿನ ಅದಿಲ್ದೇ ಹಬ್ಬ ಇಲ್ವಂತೆ. ಉತ್ತರಾಯಣ ಅಂದ್ರೆ ನಮ್ಮ ಸಂಕ್ರಾಂತಿ. ಅಂದ್ರೆ ನಾವು ಇಲ್ಲಿ ಹಿತಕಿದ ಬೇಳೆ ಸಾರು ಮಾಡ್ಕೊಂಡು ಕೂತಿರೋ ಹೊತ್ತಲ್ಲೇ ಅಲ್ಲಿ ಅವರು ಅದೇ ಕಾಳಿಗೆ ಕಾಯ್ತಾ ಇರ್ತಾರೆ, ನಮಗೆ ಅವರದ್ದು ಗೊತ್ತಿಲ್ಲ, ಅವರಿಗೆ ನಮ್ಮದು ಗೊತ್ತಿಲ್ಲ, ಗೊತ್ತಾಗೋಕೆ ಇಬ್ರೂ ಎಡಿಸನ್ನಿಗೆ ಹೋಗಬೇಕಾಯ್ತು. "ನಿಮ್ಮಲ್ಲಿ ಇದಕ್ಕೆ ಏನಂತಾರೆ?" ಅಂತ ಅಂಕಲ್ ಕೇಳಿದ್ರು. ಅವರೆಕಾಳು ಅಂದೆ. ಅವರು ಎರಡು ಸಲ ಹೇಳಿ ನೋಡಿದ್ರು. ಗುಜರಾತಿಯಲ್ಲೂ ಳ ಇದೆ, ಚೆನ್ನಾಗೇ ಹೇಳಿದ್ರು. ಮುಂದಿನ ಸಲ ಹೋದಾಗ ಆ ಫ್ರೀಜರ್ ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿದ್ರು, ಇಂಗ್ಲಿಷ್ ಅಕ್ಷರದಲ್ಲಿ ಅವರೆಕಾಳು ಅಂತ, ಬಾಲ್ ಪೆನ್ನಲ್ಲಿ ಬರೆದು ಮೇಲೆ ಸೆಲ್ಲೋ ಟೇಪ್. ನಾನು ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಅಂತ ನಂಗೇ ಗೊತ್ತಿಲ್ಲ.

ಪರದೇಶದಲ್ಲಿರೋ ನಮ್ಮೂರ ಅಂಗಡಿ ಅಂದ್ರೆ ಎಲ್ರೂ ರುಚಿ ಬಗ್ಗೆ, ನೆನಪಿನ ಬಗ್ಗೆ ಮಾತಾಡ್ತಾರೆ. ಅದು ಸರಿನೇ. ಆದ್ರೆ ಒಂಬತ್ತು ವರ್ಷ ಅಲ್ಲಿ ಇದ್ದು ಬಂದ ಮೇಲೆ ನಂಗನ್ಸೋದು, ಅಲ್ಲಿ ನಾವು ದುಡ್ಡು ಕೊಟ್ಟು ತಗೊಳ್ಳೋದು ಇನ್ನೊಂದು ಇದೆ. ಬೇಕಾದ್ದನ್ನ ನಮ್ಮ ಮಾತಲ್ಲೇ ಕೇಳಬಹುದು. ವಿವರಿಸಬೇಕಾಗಿಲ್ಲ. ಆಫೀಸಲ್ಲಿ ಊಟದ ಡಬ್ಬಿ ತೆಗೆದಾಗ ಇದೇನು, ಇದೇನು ಅಂತ ಕೇಳಿದವರಿಗೆ ಇಡೀ ವಾರ ವಿವರಿಸಿರ್ತೀವಿ. ಶನಿವಾರ ಬೆಳಿಗ್ಗೆ ಒಂದು ಗಂಟೆ ಯಾರಿಗೂ ಏನೂ ವಿವರಿಸದೇ ಉದ್ದಿನಬೇಳೆ ಎಲ್ಲಿದೆ ಅಂತ ಕೇಳಿದ್ರೆ ಸಾಕು ಅನ್ನೋ ಜಾಗ ಅದು.

ಆದ್ರೆ ಕನ್ನಡದೋರಿಗೆ ಅದೂ ಅರ್ಧ ಮಾತ್ರ. ಅಲ್ಲಿ ಹುರುಳಿಕಾಳು ಕುಲ್ತಿ ಆಗಿರತ್ತೆ, ಅಲಸಂದೆ ಚೋರಿ ಆಗಿರತ್ತೆ, ಒಣಗಿದ ಅವರೆ ವಾಲ್ ಆಗಿರತ್ತೆ. ಬ್ಯಾಡಗಿ ಮೆಣಸಿನಕಾಯಿ ಕೇಳಿದ್ರೆ ಕಾಶ್ಮೀರಿ ಕೊಡ್ತಿದ್ರು, ಬಣ್ಣ ಬರತ್ತೆ, ಘಮ ಬರಲ್ಲ. 2011ರಲ್ಲಿ ಬ್ಯಾಡಗಿಗೆ ಜಿಐ ಟ್ಯಾಗ್, ಅಂದ್ರೆ ಆ ಸೀಮೆಯದ್ದೇ ಅನ್ನೋ ಸರ್ಕಾರಿ ಗುರುತು, ಸಿಕ್ತು ಅಂತ ಇಲ್ಲಿ ಪೇಪರಲ್ಲಿ ಬಂದಾಗ ನಾನು ಆ ಕಟಿಂಗನ್ನ ಅಂಕಲ್‌ಗೆ ತೋರಿಸಿದ್ದೆ. ಹುಚ್ಚೆಳ್ಳಂತೂ ಯಾವ ಇಂಡಿಯನ್ ಅಂಗಡಿಯಲ್ಲೂ ನಂಗೆ ಸಿಗ್ಲೇ ಇಲ್ಲ. ಕೊನೆಗೆ ಎಲ್ಲಿ ನೋಡಿದೆ ಗೊತ್ತಾ, ತೋಟದ ಸಾಮಾನು ಮಾರೋ ದೊಡ್ಡ ಅಂಗಡಿಯಲ್ಲಿ, ಹಕ್ಕಿಗಳಿಗೆ ಹಾಕೋ ಕಾಳಿನ ಸಾಲಲ್ಲಿ! ನೈಜರ್ ಅಂತ ಮೂಟೆ ಮೂಟೆ. ಗೋಲ್ಡ್‌ಫಿಂಚ್ ಅಂತ ಹಳದಿ ಹಕ್ಕಿ, ಅದಕ್ಕೆ ಇದು ಅಂದ್ರೆ ಪ್ರಾಣವಂತೆ. ಇಥಿಯೋಪಿಯಾ, ಇಂಡಿಯಾ ಕಡೆಯಿಂದ ಬರತ್ತೆ, ಅದರ ಜೊತೆ ಕಳೆಬೀಜ ಬಂದು ಮೊಳೀಬಾರ್ದು ಅಂತ ಕಾಯಿಸಿ ಒಳಗೆ ಬಿಡ್ತಾರೆ. ನಮ್ಮಜ್ಜಿ ಹುಚ್ಚೆಳ್ಳು ಚಟ್ನಿಪುಡಿ ಬಿಸಿ ರೊಟ್ಟಿಗೆ ಹಚ್ಚಿ ಕೊಡ್ತಿದ್ದದ್ದು ನೆನಪಾಗಿ ಗಂಟಲು ಕಟ್ಟಿತು. ಮನುಷ್ಯರು ತಿನ್ನೋ ಲೆಕ್ಕದಲ್ಲಿ ಚೊಕ್ಕ ಮಾಡಿರಲ್ಲ ಅಂತ ತಗೊಳ್ಳಲಿಲ್ಲ, ಮೂಟೆ ಮುಟ್ಟಿ ಬಂದೆ.

ಈ ಅಂಗಡಿಗಳು ಯಾಕೆ ಹೆಚ್ಚಾಗಿ ಗುಜರಾತಿಗಳದ್ದು ಅನ್ನೋದಕ್ಕೂ ಒಂದು ಹಿನ್ನೆಲೆ ಇದೆ. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಗಿ ದೇಶದ ಲೆಕ್ಕದ ಹಳೇ ಕೋಟಾ ಹೋದ ಮೇಲೇ ನಮ್ಮೋರು ಸಂಖ್ಯೆಯಲ್ಲಿ ಅಲ್ಲಿಗೆ ಹೋಗೋಕೆ ಶುರುವಾಗಿದ್ದು, ಡಾಕ್ಟರು, ಎಂಜಿನಿಯರು. ಅವರ ಹಿಂದೆ ಅವರ ಅಣ್ಣತಮ್ಮಂದಿರು. ಷಿಕಾಗೋದ ಡೆವನ್ ಅವೆನ್ಯೂದಲ್ಲಿ ಪಟೇಲ್ ಬ್ರದರ್ಸ್ ಮೊದಲ ಅಂಗಡಿ ತೆಗೆದಿದ್ದು 1974ರಲ್ಲಿ, ಈಗ ಊರೂರಿಗೂ ಇದೆ. ಅದಕ್ಕೂ ಮುಂಚೆ ನ್ಯೂಯಾರ್ಕಲ್ಲಿ ಇದ್ದೋರು ಹೋಗ್ತಿದ್ದದ್ದು ಲೆಕ್ಸಿಂಗ್ಟನ್ ಅವೆನ್ಯೂದ ಕಲುಸ್ಟ್ಯಾನ್ಸ್‌ಗೆ. 1944ರಲ್ಲಿ ಶುರು ಮಾಡಿದ್ದು ಒಬ್ರು ಅರ್ಮೇನಿಯದೋರು, ಅವರ ಅಂಗಡಿಯೂ ಮೊದಲು ಅವರ ಸೀಮೆಯೋರಿಗೇ ಇದ್ದದ್ದು, ಆಮೇಲೆ ನಮ್ಮೋರು ಬರ್ತಾ ಬರ್ತಾ ಬೇಳೆ, ಮಸಾಲೆ ಸೇರ್ಕೊಂಡ್ತು. ಒಬ್ಬರ ಊರಿನ ನೆನಪಿಗೆ ತೆಗೆದ ಅಂಗಡಿ ಇನ್ನೊಬ್ಬರ ಊರಿಗೂ ಜಾಗ ಮಾಡ್ಕೊಡ್ತು. ನಂಗೆ ಈ ವಿಷಯ ತುಂಬಾ ಇಷ್ಟ.

ನಮ್ಮ ಕಡೆಯದು ಅಂತ ಆ ಕಪಾಟುಗಳಲ್ಲಿ ಮೊದಲಿಂದ ಇದ್ದದ್ದು ಎಂಟಿಆರ್ ಪ್ಯಾಕೆಟ್. ಲಾಲ್‌ಬಾಗ್ ರಸ್ತೆಯ ಹೋಟ್ಲು, 1924ರದ್ದು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಕಡಿಮೆ ರೇಟು ಕಟ್ಟಿದಾಗ ಅದೇ ಗುಣಮಟ್ಟದಲ್ಲಿ ಕೊಡೋಕಾಗಲ್ಲ ಅಂತ ಹೋಟ್ಲು ಮುಚ್ಚಿ, ಕೆಲಸದೋರು ಖಾಲಿ ಕೂರಬಾರ್ದು ಅಂತ ಪುಡಿಗಳು, ಮಿಕ್ಸುಗಳು ಮಾಡಿ ಮಾರೋಕೆ ಶುರು ಮಾಡಿದ್ರು. ಹಾಗೆ ಹುಟ್ಟಿದ ರವೆ ಇಡ್ಲಿ ಮಿಕ್ಸು ಎಡಿಸನ್ನಿನ ಕಪಾಟಲ್ಲಿ ಕೂತಿರತ್ತೆ. ಆದ್ರೂ ಸಾರಿನ ಪುಡಿ ಮಾತ್ರ ಅಮ್ಮಂದೇ ಆಗಬೇಕು. ಅದಕ್ಕೇ ಸೂಟ್‌ಕೇಸು.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈ ದೃಶ್ಯ ನೋಡಿರ್ತೀರ. ಹಾಲಲ್ಲಿ ಎರಡು ದೊಡ್ಡ ಸೂಟ್‌ಕೇಸು ಬಾಯಿ ತೆರ್ಕೊಂಡು ಬಿದ್ದಿರತ್ತೆ, ಪಕ್ಕದಲ್ಲಿ ತೂಕದ ಕೊಕ್ಕೆ, ಒಂದೊಂದಕ್ಕೆ 23 ಕೆಜಿ. ಅಮ್ಮ ಸಾರಿನ ಪುಡಿಗೆ ಮೂರು ಕವರ್ ಹಾಕ್ತಾಳೆ, ಮೊದಲು ಪ್ಲಾಸ್ಟಿಕ್, ಆಮೇಲೆ ನ್ಯೂಸ್ ಪೇಪರ್, ಮತ್ತೆ ಪ್ಲಾಸ್ಟಿಕ್. ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿಯಿಂದ ಹಪ್ಪಳ, ಸಂಡಿಗೆ, ಹುರಿಗಾಳು. ಅಪ್ಪ ಕಾಫಿ ಪುಡಿ ಅಂಗಡಿಯಲ್ಲಿ ನಿಂತು, ಚಿಕೋರಿ ಕಮ್ಮಿ ಹಾಕಿ, ಅಮೆರಿಕಾಗೆ ಹೋಗತ್ತೆ, ಚೆನ್ನಾಗಿ ಸೀಲ್ ಮಾಡಿ ಅಂತ ಹೇಳ್ತಿದ್ರು. ಆ "ಅಮೆರಿಕಾಗೆ ಹೋಗತ್ತೆ" ಅನ್ನೋದರಲ್ಲಿ ಹೆಮ್ಮೆ ಎಷ್ಟಿತ್ತೋ ಸಂಕಟನೂ ಅಷ್ಟೇ ಇತ್ತು ಅಂತ ನಂಗೆ ಅರ್ಥ ಆಗಿದ್ದು ಅವರು ಹೋದ ಮೇಲೆ. ಒಂದು ಸಲ ಕರಿಬೇವು ತೊಳೆದು, ನೆರಳಲ್ಲಿ ಆರಿಸಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ಲು ಅಮ್ಮ. ನ್ಯೂಯಾರ್ಕ್ ಏರ್‌ಪೋರ್ಟಲ್ಲಿ ನಾನೇ ಫಾರ್ಮಲ್ಲಿ ಬರೆದು ತೋರಿಸ್ದೆ, ತೆಗೆದು ಪಕ್ಕಕ್ಕಿಟ್ರು. ತಪ್ಪು ಅವರದ್ದಲ್ಲ. ಕರಿಬೇವಿನ ಎಲೆ ಮೇಲೆ ಕೂರೋ ಒಂದು ಸಣ್ಣ ಹುಳ, ಸಿಲ್ಲಿಡ್ ಅಂತ, ಕಿತ್ತಳೆ ನಿಂಬೆ ಗಿಡಗಳಿಗೆ ಮದ್ದೇ ಇಲ್ಲದ ರೋಗ ಹರಡತ್ತೆ. 1998ರಲ್ಲಿ ಆ ಹುಳ ಫ್ಲಾರಿಡಾಕ್ಕೆ ಬಂತು, 2005ರಲ್ಲಿ ರೋಗ ಕಾಣಿಸ್ಕೊಂಡ್ತು, ಅಲ್ಲಿನ ಕಿತ್ತಳೆ ತೋಟಗಳೇ ನೆಲಕಚ್ಚಿದವು. ಕರಿಬೇವು ಕಿತ್ತಳೆಯ ನೆಂಟ ಅಂತ ಅಮ್ಮಂಗೆ ಹೇಳಿದ್ರೆ, "ಅಯ್ಯೋ ನಾನು ಉಪ್ಪು ನೀರಲ್ಲಿ ತೊಳೆದಿದ್ನಲ್ಲೇ" ಅಂದ್ಲು. ದುಬೈಲಿರೋ ನಮ್ಮ ಅತ್ತಿಗೆಗೆ ಗಸಗಸೆ ಕಳಿಸೋ ಹಾಗೇ ಇಲ್ಲ, ಅಲ್ಲಿ ಅದು ಡ್ರಗ್ಸ್ ಲೆಕ್ಕ, ಸಿಂಗಾಪುರದಲ್ಲೂ ಅಷ್ಟೇ. ಗಸಗಸೆ ಪಾಯಸ ತಿನ್ನೋಕೆ ಅಂತ ಪ್ರತಿ ವರ್ಷ ಊರಿಗೆ ಬರ್ತಾಳೆ ಅಂತ ಹೇಳಿದ್ರೆ ಸುಳ್ಳಲ್ಲ.

ಇನ್ನು ವಾಸನೆ. ಇದನ್ನ ಬರೀಬೇಕು ಅಂತ ಎಷ್ಟೋ ದಿನದಿಂದ ಇತ್ತು. ಅಲ್ಲಿ ನಾವು ಮೊದಲು ಇದ್ದ ಅಪಾರ್ಟ್‌ಮೆಂಟಲ್ಲಿ ಇಂಗಿನ ಒಗ್ಗರಣೆ ಹಾಕಿದ ದಿನ ಯಾರೋ ಆಫೀಸಿಗೆ ದೂರು ಕೊಟ್ಟಿದ್ರು, ಕಾರಿಡಾರಲ್ಲಿ ಏನೋ ಕೆಟ್ಟ ವಾಸನೆ ಅಂತ. ಮರ್ಯಾದೆಯಾಗೇ ಒಂದು ಲೆಟರ್ ಬಂತು ಬಾಗಿಲಿಗೆ. ಅವತ್ತಿಂದ ನಾನು ಚಳಿಗಾಲದ ಕೋಟನ್ನ ಅಡುಗೆಮನೆಯಿಂದ ದೂರದ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದಿಸಿ ಇಡ್ತಿದ್ದೆ, ಒಗ್ಗರಣೆ ಹಾಕೋ ಮುಂಚೆ ಬಾಗಿಲ ಸಂದಿಗೆ ಟವೆಲ್ ಒತ್ತುತಿದ್ದೆ. ನಮ್ಮನೆ ಸಾರಿನ ಘಮಕ್ಕೆ ನಾನು ಟವೆಲ್ ಒತ್ತಿದೀನಿ. ಅಂಕಲ್ ಅಂಗಡಿಯ ಬಾಗಿಲು ತೆಗೆದ ತಕ್ಷಣ ಇಂಗು, ಅಗರಬತ್ತಿ, ಮಾಗಿದ ಹಣ್ಣು, ಒಣಮೆಣಸಿನಕಾಯಿ ಎಲ್ಲಾ ಸೇರಿ ಒಂದು ವಾಸನೆ ಬರ್ತಿತ್ತಲ್ಲ, ಅದನ್ನ ಯಾರೂ ಅಡಗಿಸಿ ಇಟ್ಟಿರ್ಲಿಲ್ಲ. ಅಲ್ಲಿ ನಾನು ಉಸಿರು ಪೂರ್ತಿ ಎಳ್ಕೊಳ್ತಿದ್ದೆ.

2018ರಲ್ಲಿ ವಾಪಸ್ ಬಂದ್ವಿ, ಹನುಮಂತನಗರದ ಅದೇ ಮನೆಗೆ. ಆ ಅಂಗಡಿಯ ನಂಟು ಮುಗೀತು ಅಂತ ಅನ್ಕೊಂಡಿದ್ದೆ. 2023ರ ಜುಲೈಯಲ್ಲಿ ಅಲ್ಲಿನ ಗೆಳತಿ ರಾತ್ರೋರಾತ್ರಿ ವಿಡಿಯೋ ಕಳಿಸಿದ್ಲು, ಜನ ಸೋನಾ ಮಸೂರಿ ಮೂಟೆಗೆ ಕ್ಯೂ ನಿಂತಿದಾರೆ, ಒಬ್ಬರಿಗೆ ಒಂದೇ ಅಂತ ಬೋರ್ಡು ಹಾಕಿದಾರೆ. ಜುಲೈ 20ಕ್ಕೆ ನಮ್ಮ ಸರ್ಕಾರ ಬಾಸ್ಮತಿ ಬಿಟ್ಟು ಬೇರೆ ಬಿಳಿ ಅಕ್ಕಿ ರಫ್ತು ನಿಲ್ಲಿಸ್ತು, ಇಲ್ಲಿ ಬೆಲೆ ಏರಬಾರ್ದು ಅಂತ. ಆ ನಿಷೇಧ ತೆರವಾಗಿದ್ದು 2024ರ ಸೆಪ್ಟೆಂಬರ್ ಕೊನೆಗೆ. ಆ ವಿಡಿಯೋ ನೋಡಿ ಇಲ್ಲಿ ಕೆಲವರು, ಅಷ್ಟು ದುಡ್ಡಿದ್ದೋರು ಬೇರೆ ಅಕ್ಕಿ ತಿನ್ಲಿ ಬಿಡಿ, ಅಂದ್ರು. ನಂಗೆ ಹಾಗೆ ಅನ್ನೋಕೆ ಆಗ್ಲಿಲ್ಲ. ಆ ಕ್ಯೂನಲ್ಲಿ ನಿಂತೋರಿಗೆ ಹಸಿವಿನ ಭಯ ಇರ್ಲಿಲ್ಲ, ಸರಿ. ಬೇರೆ ಅಕ್ಕಿಯೂ ಹೊಟ್ಟೆ ತುಂಬಿಸತ್ತೆ. ಆದ್ರೆ ಸಂಜೆ ಆರಕ್ಕೆ ಕತ್ತಲಾದ ಊರಲ್ಲಿ ಕುಕ್ಕರ್ ಮುಚ್ಚಳ ತೆಗೆದಾಗ ಬರೋ ಆ ಹಬೆ ಒಂದೇ ನಮ್ಮನೆ ಅನ್ನೋದಕ್ಕೆ ಇರೋ ಗುರುತು ಆದಾಗ, ಅದು ನಿಂತುಹೋಗತ್ತೆ ಅಂದ್ರೆ ಜನ ಓಡಿ ಹೋಗಿ ನಿಲ್ತಾರೆ. ನಾನೂ ನಿಂತಿರ್ತಿದ್ದೆ.

ಇಷ್ಟೆಲ್ಲಾ ಅನುಭವಿಸಿ ಬಂದೋಳಿಗೆ ಬೆಂಗಳೂರಲ್ಲೂ ಇಂಥ ಅಂಗಡಿಗಳಿವೆ ಅಂತ ಕಣ್ಣಿಗೆ ಬೀಳೋಕೆ ಇನ್ನೂ ಐದಾರು ವರ್ಷ ಬೇಕಾಯ್ತು, ಅದು ನಂಗೆ ಇವತ್ತಿಗೂ ಬೇಜಾರು. ಕಮ್ಮನಹಳ್ಳಿ, ಹೆಣ್ಣೂರು ಕಡೆ ಆಫ್ರಿಕಾದ ಹುಡುಗರಿಗೆ ಬೇಕಾದ ಗೆಣಸಿನ ಹಿಟ್ಟು, ತಾಳೆ ಎಣ್ಣೆ ಮಾರೋ ಅಂಗಡಿಗಳಿವೆ. ನೀಲಸಂದ್ರ, ಈಜಿಪುರ ಕಡೆ ಈಶಾನ್ಯದೋರ ಅಂಗಡಿಗಳಿವೆ. ನೀಲಸಂದ್ರಕ್ಕೆ ನನ್ನ ಕರ್ಕೊಂಡು ಹೋಗಿದ್ದು ಆಫೀಸಲ್ಲಿ ನನ್ನ ಪಕ್ಕ ಕೂರೋ ಇಂಫಾಲದ ಹುಡುಗಿ. ಬಾಡಿಗೆ ಮನೆ ಖಾಲಿ ಮಾಡ್ತಾ ಇದೀನಿ ಅಕ್ಕಾ ಅಂದ್ಲು ಒಂದಿನ. ಯಾಕೆ ಅಂದೆ. ಓನರ್‌ಗೆ ಅಡುಗೆ ವಾಸನೆ ಆಗಲ್ವಂತೆ ಅಂದ್ಲು. ನಗಾರಿ ಅಂತ ಹುಳಿ ಬರಿಸಿದ ಮೀನು, ಅದಿಲ್ದೇ ಅವರಲ್ಲಿ ಇರೊಂಬಾ ಅನ್ನೋ ಅಡುಗೆ ಇಲ್ಲ, ಚಟ್ನಿ ಇಲ್ಲ, ನಮಗೆ ಇಂಗು ಹುಣಸೆಹಣ್ಣು ಇದ್ದಂಗೆ. "ಬಾಗಿಲ ಸಂದಿಗೆ ಬಟ್ಟೆ ಇಟ್ಟೇ ಮಾಡ್ತಿದ್ದೆ" ಅಂದ್ಲು. ನಾನು ಅವಳ ಮುಖ ನೋಡೋಕಾಗದೇ ಮಾನಿಟರ್ ಕಡೆ ತಿರುಗಿದೆ. ನನ್ನ ಊರಲ್ಲಿ, ನನ್ನ ಭಾಷೆ ಮಾತಾಡೋ ಯಾರೋ ಈ ಹುಡುಗಿ ಬಾಗಿಲಿಗೆ ಟವೆಲ್ ಇಡಿಸಿದಾರೆ.

ಆ ಶನಿವಾರ ಅವಳ ಜೊತೆ ಹೋದೆ. ಚಿಕ್ಕ ಅಂಗಡಿ, ಒಳಗೆ ಇಬ್ರು ನಿಂತ್ರೆ ಮೂರನೇಯೋರು ಬಾಗಿಲಲ್ಲಿ. ಕಟ್ಟು ಕಟ್ಟು ಸೊಪ್ಪು, ಒಣಮೀನು, ಕಪ್ಪಕ್ಕಿ, ಸುಕ್ಕು ಸುಕ್ಕಾದ ಕೆಂಪು ರಾಜಮೆಣಸಿನಕಾಯಿ, ಬಾಟಲಿಗಳಲ್ಲಿ ಏನೇನೋ. ವಾಸನೆ ಜೋರಾಗೇ ಇತ್ತು, ಇರ್ಲಿಲ್ಲ ಅಂದ್ರೆ ಸುಳ್ಳಾಗತ್ತೆ. ಆದ್ರೆ ಆ ಹುಡುಗಿ ಒಳಗೆ ಕಾಲಿಟ್ಟು ಉಸಿರು ಎಳ್ಕೊಂಡ ರೀತಿ ಇತ್ತಲ್ಲ, ಅದು ನಂಗೆ ಗೊತ್ತಿತ್ತು. ಅಂಗಡಿಯಮ್ಮನ ಜೊತೆ ಅವರ ಮಾತಲ್ಲಿ ಪಟಪಟ ಅಂತ ಶುರು ಮಾಡಿದ್ಲು, ಆಫೀಸಲ್ಲಿ ನಾನು ಒಂದು ವರ್ಷದಲ್ಲಿ ಕೇಳಿದ ಮಾತಿಗಿಂತ ಜಾಸ್ತಿ ಆ ಹತ್ತು ನಿಮಿಷದಲ್ಲಿ. ಆ ಅಂಗಡಿಯಮ್ಮ 2012ರಲ್ಲೂ ಇಲ್ಲೇ ಇದ್ರಂತೆ. ಆ ಆಗಸ್ಟಲ್ಲಿ ಈಶಾನ್ಯದೋರ ಮೇಲೆ ಹಲ್ಲೆ ಆಗತ್ತೆ ಅಂತ ವದಂತಿ ಹಬ್ಬಿ ಸಾವಿರಾರು ಜನ ಸಿಟಿ ಸ್ಟೇಷನ್ನಲ್ಲಿ ಗುವಾಹಟಿ ರೈಲಿಗೆ ಮುಗಿಬಿದ್ದರಲ್ಲ, ಆ ಎರಡು ಮೂರು ದಿನ. ಅವರು ಶೆಟರ್ ಎಳೆದು ಹೋಗಿ, ತಿಂಗಳು ಕಳೆದು ವಾಪಸ್ ಬಂದು ಅದೇ ಜಾಗದಲ್ಲಿ ತೆಗೆದ್ರು. ಯಾಕೆ ಬಂದ್ರಿ ಅಂತ ಕೇಳಿದ್ದಕ್ಕೆ, ಮಕ್ಕಳು ಕಾಲೇಜಿಗೆ ವಾಪಸ್ ಬಂದ್ರು, ಅವರಿಗೆ ಊಟಕ್ಕೆ ಬೇಕಲ್ಲ ಅಂದ್ರು, ಕನ್ನಡದಲ್ಲೇ.

ಆಮೇಲೆ ಕಣ್ಣಿಗೆ ಬಿತ್ತು. ಮೂಲೆಯಲ್ಲಿ ಒಂದು ಬಕೆಟ್ ನೀರಲ್ಲಿ ಬೆಳ್ಳಗೆ, ತೆಳ್ಳಗೆ ಹೆಚ್ಚಿದ್ದು ಏನೋ. ಬಗ್ಗಿ ನೋಡ್ದೆ. ಕಳಲೆ! ಎಳೇ ಬಿದಿರಿನ ಮೊಳಕೆ.

ನಮ್ಮಮ್ಮ ಮದುವೆ ಆಗಿ ಕೊಪ್ಪದ ಕಡೆಯಿಂದ ಬೆಂಗಳೂರಿಗೆ ಬಂದಿದ್ದು 1978ರಲ್ಲಿ. ಮಳೆಗಾಲ ಬಂದ್ರೆ ಸಾಕು, ಕಳಲೆ ಪಲ್ಯ, ಕಳಲೆ ಹುಳಿ ಅಂತ ವರ್ಷಾ ವರ್ಷಾ ಒಂದೇ ಮಾತು. ಊರಿಂದ ಯಾರಾದ್ರೂ ಬಂದ್ರೆ ಉಪ್ಪಿನಲ್ಲಿ ಹಾಕಿದ್ದು ತರ್ತಿದ್ರು, ಆ ಯಾರಾದ್ರೂ ಈಗ ಇಲ್ಲ, ಮಾವ ಹೋದ ಮೇಲೆ ತರೋರೇ ಇಲ್ಲ. ನನ್ನ ಸೂಟ್‌ಕೇಸಿಗೆ ಅಷ್ಟು ವರ್ಷ ಪುಡಿ ಕಟ್ಟಿ ಕೊಟ್ಟಳಲ್ಲ ಅವಳು, ಅವಳೂ ಊರು ಬಿಟ್ಟು ಬಂದೋಳೇ, ಅವಳಿಗೂ ಒಂದು ಅಂಗಡಿ ಬೇಕಿತ್ತು ಅಂತ ನಂಗೆ ಹೊಳೆದೇ ಇರ್ಲಿಲ್ಲ. ಅದು ಇದ್ದದ್ದು ನೀಲಸಂದ್ರದಲ್ಲಿ. ಹನುಮಂತನಗರದಿಂದ ಆಟೋದಲ್ಲಿ ಹೋಗಿ ಬರೋ ದೂರ.

ಅಂಗಡಿಯಮ್ಮ ಅರ್ಧ ಕೆಜಿ ಕಟ್ಟಿ ಕೊಟ್ರು, ಮೊದಲು ಪ್ಲಾಸ್ಟಿಕ್, ಆಮೇಲೆ ನ್ಯೂಸ್ ಪೇಪರ್, ಮತ್ತೆ ಪ್ಲಾಸ್ಟಿಕ್. ಇದಕ್ಕೆ ಕನ್ನಡದಲ್ಲಿ ಏನಂತೀರಾ ಅಂತ ಕೇಳಿದ್ರು. ಹೇಳ್ದೆ.

ಮನೆಗೆ ಬಂದು ಅಮ್ಮನ ಮುಂದೆ ಕಟ್ಟು ಬಿಚ್ಚಿದೆ. ಅವಳು ಒಂದು ಚೂರು ಎತ್ತಿ ಮೂಸಿದ್ಲು, ಬೆರಳಲ್ಲಿ ಮುರಿದು ನೋಡಿದ್ಲು, ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ, "ಇದು ಹುಳಿ ಬಂದಿದೆ ಮಾರಾಯ್ತಿ, ನಾವು ಇಷ್ಟು ಬರಿಸಲ್ಲ, ಮೂರು ದಿನ ನೀರು ಬದಲಾಯಿಸ್ತೀವಿ ಅಷ್ಟೇ" ಅಂದ್ಲು. ಬೇಡ್ವಾ ಹಾಗಾದ್ರೆ ಅಂದೆ. ಅವಳು ಆಗಲೇ ಎದ್ದು ಪಾತ್ರೆ ಹುಡುಕ್ತಾ ಇದ್ಲು. ಕೂತು ನೀರು ಹಾಕಿ ಹಿಂಡಿ ಹಿಂಡಿ ತೊಳೆದ್ಲು, ಅಡುಗೆಮನೆ ತುಂಬಾ ಅದೇ ವಾಸನೆ, ಕಿಟಕಿ ಬಾಗಿಲು ಎಲ್ಲಾ ತೆರೆದೇ ಇತ್ತು.

"ಆ ಹುಡುಗಿಗೆ ಫೋನ್ ಮಾಡು" ಅಂದ್ಲು. "ಹುಳಿ ಬಂದ ಕಳಲೆಗೆ ಅವರು ಏನ್ ಹಾಕ್ತಾರೆ ಕೇಳು. ಮೀನು ಅಂದ್ರೆ ನಮಗಾಗಲ್ಲ ಅನ್ನು, ಮೀನು ಬಿಟ್ಟು ಇನ್ನೇನ್ ಹಾಕ್ತಾರೆ ಅಂತ ಕೇಳು. ಭಾನುವಾರ ಊಟಕ್ಕೆ ಬಾ ಅಂತಲೂ ಹೇಳು."